ಸಿನಿಮಾ ಮರೆತ ಅಪ್ಪ

ಇಲ್ಲಿ ಮ್ಯೂನಿಕ್‌ನಲ್ಲಿ ಮಕ್ಕಳಿರುವ ಮನೆಗೆ ಹೋದರೆ ಪುಸ್ತಕದ ಕಪಾಟಿನಲ್ಲಿ ಒಂದು ದಪ್ಪ ಕಾದಂಬರಿ ಕಾಣಿಸುವ ಸಾಧ್ಯತೆ ಜಾಸ್ತಿ. 1979ರಲ್ಲಿ ಮಿಖಾಯೆಲ್ ಎಂಡೆ ಬರೆದದ್ದು. ಮುಗಿಯದ ಕಥೆ ಅಂತ ಅದರ ಹೆಸರು. ನಮ್ಮ ಕಡೆ ಇದು ಗೊತ್ತಿರುವವರಿಗೆ ಗೊತ್ತಿರುವುದು 1984ರ ಸಿನಿಮಾದಿಂದ, 'ದಿ ನೆವರೆಂಡಿಂಗ್ ಸ್ಟೋರಿ'. ಬಿಳಿ ಡ್ರ್ಯಾಗನ್ ಬೆನ್ನ ಮೇಲೆ ಹಾರುವ ಹುಡುಗ, ಜೊತೆಗೆ ಲಿಮಾಲ್ ಎಂಬ ಗಾಯಕನ ಹಾಡು. ಊರಲ್ಲಿದ್ದಾಗ ನಾನು ನೋಡಿದ್ದೂ ಅದನ್ನೇ. ಇಲ್ಲಿಗೆ ಬಂದ ಮೇಲೆ ಮಗಳ ಜೊತೆ ಕೂತು ಪುಸ್ತಕವನ್ನು ಜರ್ಮನ್‌ನಲ್ಲೇ ಓದಿದೆ. ಆಮೇಲೆ ಇಬ್ಬರೂ ಸಿನಿಮಾ ನೋಡಿದೆವು. ಅವತ್ತಿನಿಂದ ಇದರ ಬಗ್ಗೆ ಊರಿನವರ ಹತ್ತಿರ ಹೇಳಬೇಕು ಅಂತ ಮನಸ್ಸು ಒತ್ತಾಯ ಮಾಡುತ್ತಲೇ ಇದೆ.

ಕಥೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಬಾಸ್ಟಿಯಾನ್ ಎಂಬ ಹುಡುಗ. ಅಮ್ಮ ತೀರಿಕೊಂಡಿದ್ದಾಳೆ. ಶಾಲೆಯಲ್ಲಿ ಹುಡುಗರು ಕಾಡುತ್ತಾರೆ. ತಪ್ಪಿಸಿಕೊಂಡು ಓಡುವಾಗ ಹಳೇ ಪುಸ್ತಕದ ಅಂಗಡಿಗೆ ನುಗ್ಗುತ್ತಾನೆ. ಅಲ್ಲಿಂದ ಒಂದು ಪುಸ್ತಕ ಎತ್ತಿಕೊಂಡು ಬಂದು ಶಾಲೆಯ ಅಟ್ಟದಲ್ಲಿ ಬಚ್ಚಿಟ್ಟುಕೊಂಡು ಓದಲು ಶುರುಮಾಡುತ್ತಾನೆ. ಪುಸ್ತಕದೊಳಗಿನ ಫಾಂಟಾಸಿಯನ್ ಲೋಕ ನಾಶವಾಗುತ್ತಿದೆ. ಅದನ್ನು ಆಳುವ ಬಾಲ ಮಹಾರಾಣಿಗೆ ಕಾಯಿಲೆ. ಅವಳಿಗೆ ಹೊಸ ಹೆಸರು ಇಡಬೇಕು, ಅದೂ ಮನುಷ್ಯರ ಮಗುವೇ ಇಡಬೇಕು. ಅವಳ ಕಾಯಿಲೆಗೆ ಮದ್ದು ಹುಡುಕಲು ಹೊರಡುವವನು ಅತ್ರೇಯು ಎಂಬ ಬೇಟೆಗಾರರ ಹುಡುಗ. ಓದುತ್ತಾ ಓದುತ್ತಾ ಬಾಸ್ಟಿಯಾನ್‌ಗೆ ಗೊತ್ತಾಗುತ್ತದೆ, ಅವರೆಲ್ಲ ಹುಡುಕುತ್ತಿರುವುದು ತನ್ನನ್ನೇ ಅಂತ.

ಪುಸ್ತಕ ಕೈಗೆತ್ತಿಕೊಂಡ ಕೂಡಲೇ ಖುಷಿಯಾಗುತ್ತದೆ. ಅಕ್ಷರಗಳು ಎರಡು ಬಣ್ಣದಲ್ಲಿವೆ. ಬಾಸ್ಟಿಯಾನ್ ಇರುವ ಲೋಕಕ್ಕೆ ಕೆಂಪು, ಫಾಂಟಾಸಿಯನ್‌ಗೆ ಹಸಿರು. 26 ಅಧ್ಯಾಯ. ಮೊದಲನೆಯದು ಎ ಅಕ್ಷರದಿಂದ ಶುರುವಾದರೆ ಕೊನೆಯದು ಝಡ್‌ನಿಂದ. ಒಂದೊಂದು ಅಕ್ಷರಕ್ಕೂ ಪೂರ್ತಿ ಪುಟದ ಚಿತ್ರ. ಬರೆದವರು ರೋಸ್ವಿಥಾ ಕ್ವಾಡ್‌ಫ್ಲೀಗ್. ಬಣ್ಣ ಬದಲಾದಾಗಲೆಲ್ಲ ಮಗಳು ಓದುವ ದನಿಯನ್ನೂ ಬದಲಾಯಿಸುತ್ತಿದ್ದಳು. ಯಾರೂ ಹೇಳಿಕೊಟ್ಟಿದ್ದಲ್ಲ.

ಸಿನಿಮಾ ಮಾಡಿದವರು ವೋಲ್ಫ್‌ಗಾಂಗ್ ಪೀಟರ್ಸನ್. ಮ್ಯೂನಿಕ್‌ನ ದಕ್ಷಿಣ ಅಂಚಿನಲ್ಲಿ, ಗೈಸೆಲ್‌ಗಾಸ್ಟೈಗ್‌ನ ಬವೇರಿಯಾ ಸ್ಟುಡಿಯೋದಲ್ಲಿ ಚಿತ್ರೀಕರಣ ಆಯಿತು. ಸುಮಾರು 6 ಕೋಟಿ ಮಾರ್ಕ್ ಖರ್ಚು. ಆ ಕಾಲಕ್ಕೆ ಜರ್ಮನಿಯ ಅತಿ ದುಬಾರಿ ಚಿತ್ರ. ಸ್ಟುಡಿಯೋ ನೋಡಲು ಹೋದಾಗ ಆ ಡ್ರ್ಯಾಗನ್ ಮೇಲೆ ಮಕ್ಕಳನ್ನು ಕೂರಿಸುತ್ತಿದ್ದರು. ಮಗಳೂ ಕೂತಳು. ಅದರ ಮುಖ ನಾಯಿಯದ್ದು, ಮೈ ತುಂಬಾ ಉಣ್ಣೆಯಂಥ ಕೂದಲು. ಪುಸ್ತಕದಲ್ಲಿ ಇರುವುದು ಸಿಂಹದ ತಲೆಯ, ಮುತ್ತಿನ ಬಣ್ಣದ ಪೊರೆಗಳ, ಗಾಳಿಯಷ್ಟು ಹಗುರವಾದ ಉದ್ದನೆಯ ಜೀವಿ. ಇಲ್ಲಿಯ ಜನ ಅದನ್ನು ಫುಖುರ್ ಅನ್ನುತ್ತಾರೆ. ಇಂಗ್ಲಿಷ್‌ನಲ್ಲಿ ಅದು ಫಾಲ್ಕರ್ ಆಯಿತು. ಇನ್ನೊಂದು ವಿಷಯ: ನಾವು ಊರಲ್ಲಿ ಕೇಳಿದ ಆ ಹಾಡು ಜರ್ಮನ್ ಪ್ರತಿಯಲ್ಲಿ ಇಲ್ಲವೇ ಇಲ್ಲ. ಅಲ್ಲಿರುವುದು ಕ್ಲೌಸ್ ಡೋಲ್ಡಿಂಗರ್ ಸಂಗೀತ ಮಾತ್ರ. ಚಿತ್ರವೂ ಕೆಲವು ನಿಮಿಷ ಉದ್ದ. ಸಿಕ್ಕರೆ ಅದನ್ನೇ ನೋಡಿ.

ಸಿನಿಮಾ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಒಂದು ಜಾಗದಲ್ಲಿ ಅದು ಪುಸ್ತಕವನ್ನೂ ಮೀರಿಸುತ್ತದೆ. ಕಲ್ಲು ತಿನ್ನುವ ದೈತ್ಯ ಒಬ್ಬ ಇದ್ದಾನಲ್ಲ, ಅವನು ತನ್ನ ಎರಡು ದೊಡ್ಡ ಕೈಗಳನ್ನು ನೋಡಿಕೊಳ್ಳುತ್ತಾ ಒಬ್ಬನೇ ಕೂತಿರುತ್ತಾನೆ. ಅಷ್ಟು ಗಟ್ಟಿಯಾದ ಕೈಗಳಿದ್ದೂ ಜೊತೆಯವರನ್ನು ಹಿಡಿದುಕೊಳ್ಳಲು ಆಗಲಿಲ್ಲ. ಈ ದೃಶ್ಯ ಕಾದಂಬರಿಯಲ್ಲಿ ಇಲ್ಲ. ಸಿನಿಮಾದವರೇ ಸೇರಿಸಿದ್ದು. ಎಷ್ಟು ಸಲ ನೋಡಿದರೂ ಗಂಟಲು ಕಟ್ಟುತ್ತದೆ. ದುಃಖದ ಕೆಸರಿನಲ್ಲಿ ಕುದುರೆ ಆರ್ಟಾಕ್ಸ್ ಮುಳುಗುವುದು ಎರಡರಲ್ಲೂ ಇದೆ. ಸಿನಿಮಾದಲ್ಲಿ ಕುದುರೆಗೆ ಮಾತಿಲ್ಲ. ಪುಸ್ತಕದಲ್ಲಿ ಅದು ಮಾತಾಡುತ್ತದೆ. ತಾನು ಸಾಯುವುದನ್ನು ನೀನು ನೋಡಬೇಡ, ಹೊರಟುಹೋಗು ಅಂತ ಅತ್ರೇಯುವನ್ನು ಬೇಡಿಕೊಳ್ಳುತ್ತದೆ. ಆ ಪುಟ ಓದುವಾಗ ಮಗಳು ಪುಸ್ತಕವನ್ನು ನನ್ನ ಕೈಗೆ ಕೊಟ್ಟು, 'ನೀನೇ ಓದು' ಅಂದಳು.

ಆದರೆ ಕಳೆದುಹೋಗಿರುವುದೂ ಬಹಳ. ಅತ್ರೇಯು ಉತ್ತರ ಕೇಳಲು ಹೋಗುವ ಉಯುಲಾಲಾ ಪುಸ್ತಕದಲ್ಲಿ ಬರೀ ದನಿ. ಪದ್ಯದಲ್ಲಿ ಮಾತಾಡುತ್ತದೆ, ಅತ್ರೇಯುವೂ ಪ್ರಾಸ ಕಟ್ಟಿಯೇ ಪ್ರಶ್ನೆ ಕೇಳಬೇಕು. ಇಲ್ಲದಿದ್ದರೆ ಅದಕ್ಕೆ ಅರ್ಥವಾಗುವುದಿಲ್ಲ. ಸಿನಿಮಾದಲ್ಲಿ ಆ ಜಾಗಕ್ಕೆ ಎರಡು ನೀಲಿ ಸಿಂಹನಾರಿ ಬೊಂಬೆಗಳು ಬಂದವು. ಲೋಕವನ್ನು ನುಂಗುವ ಶೂನ್ಯವನ್ನು ಬಿರುಗಾಳಿ ಮಾಡಿದ್ದಾರೆ. ಕಾದಂಬರಿಯಲ್ಲಿ ಗಾಳಿಯೂ ಇಲ್ಲ, ಗುಡುಗೂ ಇಲ್ಲ. ಆ ಕಡೆ ನೋಡಿದವರಿಗೆ ಕಣ್ಣೇ ಹೋದ ಹಾಗೆ ಅನ್ನಿಸುತ್ತದೆ, ಅಷ್ಟೇ. ಇದನ್ನು ಕ್ಯಾಮೆರಾದಲ್ಲಿ ತೋರಿಸುವುದು ಕಷ್ಟ, ಒಪ್ಪುತ್ತೇನೆ.

ಗ್ಮೋರ್ಕ್ ಎಂಬ ತೋಳದ ಮಾತನ್ನು ಬದಲಾಯಿಸಿದ್ದನ್ನು ಮಾತ್ರ ಒಪ್ಪಲು ಆಗುವುದಿಲ್ಲ. ಶೂನ್ಯಕ್ಕೆ ಬಿದ್ದ ಫಾಂಟಾಸಿಯನ್ ಜೀವಿಗಳು ಮನುಷ್ಯರ ಲೋಕಕ್ಕೆ ಹೋಗುತ್ತವೆ, ಆದರೆ ಅಲ್ಲಿ ಅವು ಸುಳ್ಳುಗಳಾಗುತ್ತವೆ ಅಂತ ಪುಸ್ತಕದ ತೋಳ ಹೇಳುತ್ತದೆ. ಜನರ ತಲೆಕೆಡಿಸುವ ಭ್ರಮೆ, ಇಲ್ಲದ ಭಯ, ಎಲ್ಲ ಅವೇ. ಎಂಡೆ ಹುಟ್ಟಿದ್ದು 1929ರಲ್ಲಿ. ಅಪ್ಪ ಎಡ್ಗರ್ ಎಂಡೆ ಚಿತ್ರಕಲಾವಿದರು. ನಾಜಿಗಳು ಅವರ ಕೆಲಸಕ್ಕೆ ನಿಷೇಧ ಹಾಕಿದ್ದರು. ಅಂಥ ಮನೆಯಲ್ಲಿ ಬೆಳೆದವರು ಸುಳ್ಳಿನ ಬಗ್ಗೆ ಸುಮ್ನೆ ಬರೆದಿರಲಾರರು ಅಲ್ವಾ? ಸಿನಿಮಾದ ತೋಳ ಇದನ್ನು ಹೇಳುವುದಿಲ್ಲ. ಆಸೆ ಕಳೆದುಕೊಂಡ ಜನರನ್ನು ಆಳುವುದು ಸುಲಭ ಅನ್ನುತ್ತದೆ. ಒಳ್ಳೆಯ ಮಾತೇ. ಆದರೆ ಸುಳ್ಳಿನ ಮಾತು ಬಿಟ್ಟಿದ್ದರಿಂದ ಕೊನೆಯಲ್ಲಿ ಡ್ರ್ಯಾಗನ್ನನ್ನು ನಮ್ಮ ಲೋಕಕ್ಕೇ ಹಾರಿಸಲು ಸಾಧ್ಯವಾಯಿತು. ಬಾಸ್ಟಿಯಾನ್ ಅದರ ಮೇಲೆ ಕೂತು ಊರಿಗೆ ಬಂದು, ಕಾಡಿದ ಹುಡುಗರನ್ನು ಅಟ್ಟಿಸಿಕೊಂಡು ಹೋಗಿ ಕಸದ ತೊಟ್ಟಿಗೆ ಬೀಳಿಸುತ್ತಾನೆ. ಸಿನಿಮಾ ಅಲ್ಲಿಗೆ ಮುಗಿಯಿತು.

ಪುಸ್ತಕ ಅಲ್ಲಿಗೆ ಅರ್ಧವೂ ಆಗಿರುವುದಿಲ್ಲ.

ಉಳಿದ ಅರ್ಧದಲ್ಲಿ ಬಾಸ್ಟಿಯಾನ್ ಫಾಂಟಾಸಿಯನ್ ಒಳಗೇ ಇದ್ದಾನೆ. ಮಹಾರಾಣಿ ಕೊಟ್ಟ ಪದಕ ಕೊರಳಲ್ಲಿದೆ. ಏನು ಬಯಸಿದರೂ ಆಗುತ್ತದೆ. ಒಂದೊಂದು ಆಸೆ ಈಡೇರಿದಾಗಲೂ ಅವನ ಹಳೆಯ ನೆನಪೊಂದು ಅಳಿಸಿಹೋಗುತ್ತದೆ. ಕಾದಂಬರಿಯ ಬಾಸ್ಟಿಯಾನ್ ದಪ್ಪಗೆ, ಬಿಳಿಚಿಕೊಂಡ ಹುಡುಗ. ಮೊದಲ ಆಸೆ ಚೆಂದ ಆಗುವುದು. ಆಗುತ್ತಾನೆ. ತಾನು ಹಿಂದೆ ದಪ್ಪಗಿದ್ದೆ ಅನ್ನುವುದೇ ಅವನಿಗೆ ಮರೆತುಹೋಗುತ್ತದೆ. ಸಿನಿಮಾದ ಹುಡುಗ ಮೊದಲೇ ತೆಳ್ಳಗೆ ಮುದ್ದಾಗಿದ್ದಾನೆ. ಅಂದಮೇಲೆ ಅವನಿಗೆ ಕಳೆದುಕೊಳ್ಳಲು ಏನಿದೆ? ಮುಂದೆ ಬಲ ಬೇಕು, ಹೆಸರು ಬೇಕು, ಕಡೆಗೆ ಚಕ್ರವರ್ತಿ ಆಗಬೇಕು. ಬೇಡ ಅಂದ ಗೆಳೆಯ ಅತ್ರೇಯುವಿಗೇ ಕತ್ತಿಯಿಂದ ಇರಿಯುತ್ತಾನೆ.

ಆಮೇಲೆ ಹಳೆಯ ಚಕ್ರವರ್ತಿಗಳ ಊರು ಬರುತ್ತದೆ. ಬಾಸ್ಟಿಯಾನ್ ಹಾಗೆಯೇ ಹಿಂದೆ ಬಂದು, ಆಸೆಗಳನ್ನೆಲ್ಲ ಈಡೇರಿಸಿಕೊಂಡು, ನೆನಪುಗಳನ್ನೆಲ್ಲ ಖಾಲಿ ಮಾಡಿಕೊಂಡವರ ಊರು. ಅವರಿಗೆ ಮನೆಗೆ ಹೋಗುವ ದಾರಿ ಇಲ್ಲ, ಹೋಗಬೇಕೆಂಬ ಆಸೆಯೂ ಇಲ್ಲ. ಅಕ್ಷರ ಬರೆದ ದಾಳಗಳನ್ನು ಉರುಳಿಸುತ್ತಾ ಕೂತಿರುತ್ತಾರೆ. ಉರುಳಿಸುತ್ತಲೇ ಇದ್ದರೆ ಒಂದಲ್ಲ ಒಂದು ದಿನ ಅದರಲ್ಲೇ ಕಥೆ ಬಂದೀತು ಅಂತ ಕೋತಿಯೊಂದು ವಿವರಿಸುತ್ತದೆ.

ಹೊರದೇಶದಲ್ಲಿ ಬದುಕುವವರಿಗೆ ಈ ಅಧ್ಯಾಯ ಬೇರೆ ಥರ ತಾಗುತ್ತದೆ. ನನ್ನ ಆಸೆಗಳೂ ಒಂದೊಂದಾಗಿ ಈಡೇರಿವೆ. ಕೆಲಸ, ಮನೆ, ಮಗಳಿಗೆ ಒಳ್ಳೆಯ ಶಾಲೆ. ಆದರೆ ತೀರ್ಥಹಳ್ಳಿಯಿಂದ ಫೋನ್‌ನಲ್ಲಿ ಅಪ್ಪಯ್ಯ, 'ಸಂಕದ ಹತ್ರದ ಮರ ಬಿತ್ತು ಮಾರಾಯ' ಅಂದಾಗ ನನಗೆ ಆ ಮರ ಕಣ್ಣಿಗೆ ಬರಲೇ ಇಲ್ಲ.

'ಯಾವ ಮರ ಅಪ್ಪಯ್ಯ?'

'ಅದೇನಾ, ನೀನು ಶಾಲೆಯಿಂದ ಬಂದು ಹತ್ತಿ ಕೂರ್ತಿದ್ದೆಯಲ್ಲ, ಅದು.'

ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಊಟ ಆಯ್ತಾ ಅಂತ ಮಾತು ಬದಲಾಯಿಸಿದರು.

ಅಪ್ಪನ ವಿಷಯದಲ್ಲೇ ಸಿನಿಮಾ ಮತ್ತು ಪುಸ್ತಕ ಪೂರ್ತಿ ಬೇರೆಯಾಗುವುದು. ಸಿನಿಮಾದ ಅಪ್ಪ ಬೆಳಗಿನ ತಿಂಡಿಯ ಹೊತ್ತಿಗೆ ಬರುತ್ತಾನೆ, ಕನಸು ಕಾಣೋದು ಬಿಡು ಅಂತ ಮಗನಿಗೆ ಬುದ್ಧಿ ಹೇಳುತ್ತಾನೆ, ಹೋಗುತ್ತಾನೆ. ಮತ್ತೆ ಬರುವುದೇ ಇಲ್ಲ. ಮಗ ರಾತ್ರಿಯೆಲ್ಲ ಮನೆಗೆ ಬಾರದಿದ್ದರೂ ಅವನೇನಾದ ಅಂತ ಯಾರೂ ಕೇಳುವುದಿಲ್ಲ. ಕಾದಂಬರಿಯ ಅಪ್ಪ ಹಲ್ಲಿನ ಅಚ್ಚು, ಕಟ್ಟುಹಲ್ಲು ಮಾಡುವ ಕೆಲಸದವನು. ಹೆಂಡತಿ ಸತ್ತ ಮೇಲೆ ಮನೆಯಲ್ಲಿ ಇದ್ದೂ ಇಲ್ಲದ ಹಾಗಾಗಿದ್ದಾನೆ. ಮಗ ಪರೀಕ್ಷೆಯಲ್ಲಿ ಫೇಲಾದರೂ ಬಯ್ಯುವುದಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸುವಂಥ ಮೌನ.

ಕೊನೆಯ ಹೊತ್ತಿಗೆ ಬಾಸ್ಟಿಯಾನ್‌ಗೆ ಅಪ್ಪ ಅಮ್ಮನೂ ಮರೆತುಹೋಗಿರುತ್ತಾರೆ. ಉಳಿದಿರುವುದು ತನ್ನ ಹೆಸರೊಂದೇ. ಆಗ ಯೋರ್ ಎಂಬ ಕುರುಡ ಗಣಿಗಾರನ ಹತ್ತಿರ ಬರುತ್ತಾನೆ. ಆ ಗಣಿಯಲ್ಲಿ ಅಗೆದು ತೆಗೆಯುವುದು ಮನುಷ್ಯರು ಮರೆತ ಕನಸುಗಳನ್ನು. ಕೈ ಜೋರಾದರೆ ಒಡೆದುಹೋಗುವಂಥ ತೆಳು ಹಾಳೆಗಳ ಮೇಲಿನ ಚಿತ್ರಗಳು ಅವು. ಬಾಸ್ಟಿಯಾನ್ ದಿನವೂ ಕತ್ತಲಲ್ಲಿ ಇಳಿದು ಮೆತ್ತಗೆ ಒಂದೊಂದನ್ನೇ ಬಿಡಿಸುತ್ತಾನೆ. ಯಾವುದೂ ಮನಸ್ಸಿಗೆ ತಟ್ಟುವುದಿಲ್ಲ. ಒಂದು ದಿನ ಒಂದು ಚಿತ್ರ ಸಿಗುತ್ತದೆ. ಬಿಳಿ ಕೋಟು ತೊಟ್ಟ ಒಬ್ಬ ಮನುಷ್ಯ. ಕೈಯಲ್ಲಿ ಹಲ್ಲಿನ ಅಚ್ಚು. ಸುತ್ತ ಗಾಜಿನಂಥ ಮಂಜುಗಡ್ಡೆ, ಅವನು ಅದರೊಳಗೆ ನಿಂತಿದ್ದಾನೆ. ಅವನು ಯಾರು ಅಂತ ಹುಡುಗನಿಗೆ ಗೊತ್ತಿಲ್ಲ. ಆದರೆ ಇವನ ಹತ್ತಿರ ಹೋಗಬೇಕು ಅನ್ನಿಸಿಬಿಡುತ್ತದೆ. ಅಷ್ಟಕ್ಕೆ ತನ್ನ ಹೆಸರನ್ನೂ ಕಳೆದುಕೊಳ್ಳುತ್ತಾನೆ.

ಮನೆಗೆ ಮರಳುವ ದಾರಿ ಇರುವ ಜೀವಜಲದ ಬುಗ್ಗೆಯ ಹತ್ತಿರ ಹೆಸರು ಹೇಳಬೇಕಾಗಿ ಬಂದಾಗ ಅವನ ಪರವಾಗಿ ಹೇಳುವವನು ಅತ್ರೇಯು. ಇವನ ಕತ್ತಿಯಿಂದ ಗಾಯಗೊಂಡವನೇ. ಬಾಸ್ಟಿಯಾನ್ ಆ ನೀರನ್ನು ಬೊಗಸೆಯಲ್ಲಿ ಅಪ್ಪನಿಗೆ ತರಲು ನೋಡುತ್ತಾನೆ, ದಾರಿಯಲ್ಲಿ ಚೆಲ್ಲಿಹೋಗುತ್ತದೆ. ಮನೆಗೆ ಬಂದು ಎಲ್ಲ ಹೇಳುತ್ತಾನೆ. ಅಪ್ಪ ಕೇಳುತ್ತಾನೆ. ಹಿಂದೆಂದೂ ಕೇಳದ ಹಾಗೆ ಕೇಳುತ್ತಾನೆ. ಅವನ ಕಣ್ಣಲ್ಲಿ ನೀರು. ನೀರು ತಲುಪಿತು ಅಂತ ಮಗನಿಗೆ ಆಗ ಅರ್ಥವಾಗುತ್ತದೆ.

ಎಂಡೆಯವರಿಗೆ ಸಿನಿಮಾ ಕಂಡರೆ ಎಷ್ಟು ಸಿಟ್ಟು ಬಂತು ಅಂದರೆ, ಅದನ್ನು ಥಳುಕು, ವ್ಯಾಪಾರ, ಮೆತ್ತನೆ ಬೊಂಬೆ, ಪ್ಲಾಸ್ಟಿಕ್ ಅಂತ ಹೇಳಿಬಿಟ್ಟರು. ಚಿತ್ರದ ಹೆಸರನ್ನಾದರೂ ಬದಲಾಯಿಸಿ ಅಂತ ಕೇಳಿದರು. ಚಿತ್ರ ಮಾಡಿದವರು ಒಪ್ಪಲಿಲ್ಲ. ಎಂಡೆ ಕೋರ್ಟಿಗೆ ಹೋದರು, ಸೋತರು. ಚಿತ್ರದ ಶುರುವಿನಲ್ಲಿ ಅವರ ಹೆಸರು ಇಲ್ಲ. ಪುಸ್ತಕ ಓದುವ ಮುಂಚೆ ಇದೆಲ್ಲ ಲೇಖಕರ ಹಟ ಅನ್ನಿಸಿತ್ತು. ಈಗ ಅವರ ಪರವಾಗಿಯೇ ನಿಲ್ಲುತ್ತೇನೆ. 1990ರಲ್ಲಿ ಎರಡನೆಯ ಚಿತ್ರ ಬಂತು. ಆಸೆಗೆ ನೆನಪು ಕೊಡುವ ವಿಷಯ ಅದರಲ್ಲಿ ಇದೆ. ಆದರೆ ನೆನಪು ಕದಿಯುವುದು ಮಾಟಗಾತಿಯ ಯಂತ್ರ. ತಪ್ಪೆಲ್ಲ ಅವಳ ತಲೆಗೆ. ಎಂಡೆ ಬರೆದಿದ್ದರಲ್ಲಿ ಯಂತ್ರ ಇಲ್ಲ, ಕದಿಯುವವರೂ ಇಲ್ಲ. ಆಸೆಗೇ ಆ ಗುಣ ಇದೆ.

ಮ್ಯೂನಿಕ್‌ಗೆ ಬರುವವರು ಬ್ಲೂಟನ್‌ಬುರ್ಗ್ ಕೋಟೆಗೆ ಒಮ್ಮೆ ಹೋಗಿ. ಅಂತರರಾಷ್ಟ್ರೀಯ ಮಕ್ಕಳ ಗ್ರಂಥಾಲಯ ಇರುವುದು ಆ ಕೋಟೆಯೊಳಗೆ, ಅದರಲ್ಲೇ ಎಂಡೆಯವರ ಪುಟ್ಟ ಸಂಗ್ರಹಾಲಯ. 1995ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಇದೇ ಊರಿನ ವಾಲ್ಡ್‌ಫ್ರೀಡ್‌ಹೋಫ್ ಸ್ಮಶಾನದಲ್ಲಿದೆ. ಕಂಚಿನ ದೊಡ್ಡ ಪುಸ್ತಕವನ್ನು ತೆರೆದಿಟ್ಟ ಹಾಗೆ ಕಟ್ಟಿದ್ದಾರೆ.

ಈ ಕಾದಂಬರಿಯನ್ನು ಹೊಸದಾಗಿ, ಒಂದಕ್ಕಿಂತ ಹೆಚ್ಚು ಚಿತ್ರಗಳಾಗಿ ತೆರೆಗೆ ತರುವುದಾಗಿ 2024ರಲ್ಲಿ ಹೇಳಿದ್ದಾರೆ. ಉಯುಲಾಲಾ ಈ ಸಲ ಪ್ರಾಸದಲ್ಲೇ ಮಾತಾಡಬೇಕು ಅನ್ನುವುದು ಮಗಳ ಆಸೆ. ಗಣಿಯ ಕತ್ತಲಲ್ಲಿ ಆ ಹುಡುಗನನ್ನು ಅವಸರ ಮಾಡದೆ ತೋರಿಸಲಿ ಅನ್ನುವುದು ನನ್ನದು. ಅಲ್ಲಿಯವರೆಗೆ ಪುಸ್ತಕ ಇದೆಯಲ್ಲ. ರಾಲ್ಫ್ ಮ್ಯಾನ್‌ಹೈಮ್ ಮಾಡಿದ ಇಂಗ್ಲಿಷ್ ಅನುವಾದ ಇದೆ. ಎರಡು ಬಣ್ಣದ ಪ್ರತಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಸಿನಿಮಾದ ಕಥೆ ಹೆಚ್ಚುಕಡಿಮೆ 13ನೇ ಅಧ್ಯಾಯದ ಹತ್ತಿರ ಮುಗಿದುಹೋಗುತ್ತದೆ. ನಿಮ್ಮ ಮಗು ಅಲ್ಲಿ ಪುಸ್ತಕ ಮುಚ್ಚಿಡಲು ನೋಡಿದರೆ ಪಕ್ಕದಲ್ಲಿ ಕೂತು ಮುಂದಿನದನ್ನು ನೀವೇ ಓದಿ ಹೇಳಿ.