ಆಕಾಶದಲ್ಲಿ 42 ನಿಮಿಷ

ನಿನ್ನೆ ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಬಂದೆ. ಟಿಕೆಟ್‌ನಲ್ಲಿ ಒಂದು ಗಂಟೆಗೂ ಹೆಚ್ಚಿನ ಅವಧಿ ನಮೂದಾಗಿದ್ದರೂ, ಚಕ್ರಗಳು ನೆಲ ಬಿಟ್ಟಾಗಿನಿಂದ ಮತ್ತೆ ನೆಲ ಮುಟ್ಟುವವರೆಗೆ ಕೈಗಡಿಯಾರದಲ್ಲಿ ಲೆಕ್ಕ ಹಾಕಿದರೆ ಆದದ್ದು 42 ನಿಮಿಷ ಮಾತ್ರ. ವೇಳಾಪಟ್ಟಿಯಲ್ಲಿ ತೋರಿಸುವ ಅವಧಿಯು ವಿಮಾನ ತನ್ನ ನಿಲುಗಡೆಯಿಂದ ಕದಲಿದ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ಪೂರ್ತಿ ನಿಲ್ಲುವ ಕ್ಷಣದವರೆಗಿನದಾಗಿರುವುದರಿಂದ, ರನ್‌ವೇವರೆಗಿನ ನಿಧಾನ ನಡಿಗೆಯೂ ಸರದಿಗಾಗಿ ಕಾಯುವುದೂ ಅದರಲ್ಲೇ ಸೇರಿರುತ್ತವೆ.

ನೇರ ಗೆರೆ ಎಳೆದರೆ ಈ ಎರಡು ಊರುಗಳ ನಡುವೆ ಸುಮಾರು 300 ಕಿಲೋಮೀಟರ್ ಇದೆ. ಹಾಸನ, ಸಕಲೇಶಪುರದ ಮೇಲೆ ಶಿರಾಡಿ ಘಾಟಿ ಇಳಿದು ಬರುವ ರಸ್ತೆಯಲ್ಲಿ ಅದು 350ರಷ್ಟಾಗುತ್ತದೆ. ರೈಲಿನ ಕಥೆಯೇ ಬೇರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಘಟ್ಟದ ಹಾದಿಯನ್ನು, ಸುರಂಗಗಳ ಕತ್ತಲೆಯಲ್ಲಿ ಹೊಕ್ಕು ಹೊರಬರುತ್ತಾ ದಾಟುವುದಕ್ಕೆ ಎರಡು ಗಂಟೆಗೂ ಹೆಚ್ಚು ಹಿಡಿಯುತ್ತದೆ. ನಿನ್ನೆ ಅದೇ ಘಟ್ಟ ಕಿಟಕಿಯ ಕೆಳಗೆ ಹಸಿರು ಮಡಿಕೆಯಂತೆ ಕಂಡು, ಕಾಫಿಯ ಲೋಟ ಖಾಲಿಯಾಗುವಷ್ಟರಲ್ಲಿ ಹಿಂದೆ ಸರಿಯಿತು.

ಆದರೆ ಜಯನಗರದ ಮನೆಯಿಂದ ದೇವನಹಳ್ಳಿ ತಲುಪಲು ಎರಡು ಗಂಟೆ, ತಪಾಸಣೆಗೆ ಮತ್ತು ಕಾಯುವುದಕ್ಕೆ ಇನ್ನೆರಡು ಗಂಟೆ, ಕೆಂಜಾರಿನ ಗುಡ್ಡದ ಮೇಲಿನ ನಿಲ್ದಾಣದಿಂದ ಇಳಿದು ಊರು ಸೇರಲು ಮುಕ್ಕಾಲು ಗಂಟೆ. ಎಲ್ಲ ಕೂಡಿಸಿದರೆ ಆರು ಗಂಟೆ. ರಾತ್ರಿ ಬಸ್ಸಿಗೆ ಏಳೋ ಎಂಟೋ ಗಂಟೆ ಸಾಕು, ಅದರಲ್ಲಿ ನಿದ್ದೆಯೂ ಆಗುತ್ತದೆ. ಮುಂದಿನ ತಿಂಗಳು ವಾಪಸಾಗಲು ಹಗಲಿನ ರೈಲಿಗೇ ಟಿಕೆಟ್ ತೆಗೆಸಿದ್ದೇನೆ.