ಚಿತ್ರ ತಗೊಳ್ಳಿ, ಕಾಗದ ಕೇಳ್ಬೇಡಿ

"ಚಿತ್ರ ಬೇಕಾದ್ರೆ ತಗೊಳ್ಳಿ. ಕಾಗದ ಕೊಡಲ್ಲ."

ಭಾನುವಾರ ವಿರಾಜಪೇಟೆ ಹತ್ತಿರದ ಮನೆಯೊಂದರಲ್ಲಿ ಅಜ್ಜಿ ಹೇಳಿದ ಮಾತಿದು. ಎರಡೂ ಒಂದೇ ಕಾರ್ಡಿನ ಎರಡು ಮಗ್ಗುಲು, ಹೇಗೆ ಬೇರೆ ಮಾಡೋದು ಅಜ್ಜಿ ಅಂತ ನಾನು ನಕ್ಕೆ. ಅವರು ನಗಲಿಲ್ಲ.

ಊರಿನ ಚರಿತ್ರೆ ಬರೆಯೋಣ ಅಂತ ನಾವು ಮೂರು ಜನ ಹಳೇ ಪೋಸ್ಟ್‌ಕಾರ್ಡ್ ಹುಡುಕಿಕೊಂಡು ಮನೆಮನೆ ತಿರುಗುತ್ತಿದ್ದೇವೆ. ಕೊಡಗಿನಲ್ಲಿ ಕಾಗದ ಉಳಿಯುವುದೇ ಕಷ್ಟ. ಮಳೆಗಾಲದ ಬೂಷ್ಟು ತಪ್ಪಿದರೆ ಗೆದ್ದಲು. ಈ ಮನೆಯ ಬಿಸ್ಕತ್ತಿನ ಡಬ್ಬ ಒಲೆ ಮೇಲಿನ ಅಟ್ಟದಲ್ಲಿತ್ತು, ಬದುಕಿಕೊಂಡಿತು. ಮುಚ್ಚಳ ತೆಗೆದರೆ ಬರೀ ಹೊಗೆ ವಾಸನೆ.

ಮೇಲಿನ ಕಾರ್ಡೇ ಮಡಿಕೇರಿಯ ರಾಜಾಸೀಟಿನದು. ಕಪ್ಪು ಬಿಳುಪು, ಮಂಟಪ, ಹಿಂದೆ ಮಂಜು, ಒಬ್ಬ ಮನುಷ್ಯನೂ ಇಲ್ಲ. ಈಗ ಸಂಜೆ ಹೋದರೆ ನಿಲ್ಲೋಕೆ ಜಾಗ ಸಿಗಲ್ಲ ಅಲ್ವಾ? ತಿರುಗಿಸಿದೆ. ಅಂಚೆ ಮುದ್ರೆ ಉತ್ತರ ಭಾರತದ ಅಂಬಾಲಾದ್ದು! ಸೇನೆಯಲ್ಲಿದ್ದ ಗಂಡ ರಜೆ ಮುಗಿಸಿ ಹೋಗುವಾಗ ಮಡಿಕೇರಿಯಲ್ಲೇ ಕಾರ್ಡು ಕೊಂಡು, ಅಂಬಾಲಾದಿಂದ ಹಾಕಿದ್ದರಂತೆ. ನಮ್ಮೂರಿನ ಚಿತ್ರ, ಅಷ್ಟು ದೂರ ಹೋಗಿ ವಾಪಸ್ ನಮ್ಮೂರಿಗೆ. ಇಸವಿ ಅಳಿಸಿತ್ತು. ಅಂಚೆಚೀಟಿಯಲ್ಲಿ ನಯೇ ಪೈಸೆ ಅಂತ ಇದ್ದದ್ದರಿಂದ 1957ರ ಏಪ್ರಿಲ್‌ಗಿಂತ ಹಿಂದಿನದಲ್ಲ, ಆಣೆ ಹೋಗಿ ಆ ಹೊಸ ಪೈಸೆ ಬಂದದ್ದೇ ಆಗ. ವಿಳಾಸದಲ್ಲಿ ಮಾತ್ರ ಇನ್ನೂ 'ಕೂರ್ಗ್ ಸ್ಟೇಟ್'. 1956ರ ನವೆಂಬರ್‌ನಲ್ಲೇ ರಾಜ್ಯ ಮೈಸೂರಿಗೆ ಸೇರಿಹೋಗಿತ್ತು, ಬರೆಯುವ ಕೈ ಒಪ್ಪಿರಲಿಲ್ಲ.

ಮೊಮ್ಮಗ ಫೋನಿನಿಂದ ತಲೆ ಎತ್ತಿ, "ಇದಕ್ಕೆ ಎಷ್ಟು ಸಿಗುತ್ತೆ ಸಾರ್?" ಅಂದ. ಒಳ್ಳೇ ಹುಡುಗನೇ, ಬೆಲ್ಲದ ಕಾಫಿ ತಂದುಕೊಟ್ಟವನೂ ಅವನೇ. ಆದರೂ ಸಿಟ್ಟು ಬಂತು. ಈ ವಾರವೆಲ್ಲ ಅದನ್ನೇ ಯೋಚಿಸುತ್ತಿದ್ದೇನೆ. ಅವನು ದುಡ್ಡು ಕೇಳಿದ, ನಾನು ಇಸವಿ ಹುಡುಕಿದೆ. ಅಂಥಾ ವ್ಯತ್ಯಾಸ ಏನಿದೆ? ಅಜ್ಜಿ ಎದುರಿಗೇ ಕೂತಿದ್ದರೂ ಅವರನ್ನು ಒಂದು ಮಾತು ಕೇಳದೆ ಎರಡು ಸಾಲು ಓದಿಯೂ ಬಿಟ್ಟಿದ್ದೆ. ಆಗಲೇ ಅವರು ಅಂದದ್ದು, ಕಾಗದ ಕೊಡಲ್ಲ ಅಂತ. ಅಂಚೆಯವನೂ ಓದಿರಬಹುದಾದ ಕಾರ್ಡು ತಾನೇ ಅನ್ನೋದು ನನ್ನ ಬಾಯಿವರೆಗೆ ಬಂದಿತ್ತು. ಸದ್ಯ, ನುಂಗಿಕೊಂಡೆ.

ಕೊನೆಗೆ ಫೋಟೊಗೆ ಒಪ್ಪಿದರು. ವಿಳಾಸದ ಅರ್ಧ ನನಗೆ. ಬರೆದ ಅರ್ಧ ಅವರ ಅಂಗೈ ಕೆಳಗೆ.

ನಿನ್ನೆ ತಂಡದ ಗೆಳೆಯ ನೋಡಿ, "ಕೈ ಅಡ್ಡ ಬಂದಿದೆ, ಕ್ರಾಪ್ ಮಾಡು" ಅಂದ. ಮಾಡಿಲ್ಲ. ಬೆರಳ ಸಂದಿಯಲ್ಲಿ 'ಮಳೆ' ಅಂತ ಕಾಣುತ್ತೆ, ಅಷ್ಟೇ.