ಒಪ್ಪದ ಸದಸ್ಯರಿಗೆ ಯಾವ ಇಂಗ್ಲಿಷ್ ಪದ?

ಸಕಲೇಶಪುರದ ಕಾಫಿ ಬೆಳೆಗಾರರ ಸಂಘವೊಂದರ ನಡವಳಿಯನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸ ಹೋದ ಭಾನುವಾರ ಸಂಜೆವರೆಗೂ ಎಳೆಯಿತು. ತೊಡಕಾಗಿದ್ದು ಒಂದೇ ಸಾಲು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ, ಅಂದರೆ ಪಲ್ಪರ್, ಕೊಳ್ಳುವ ಠರಾವಿಗೆ 11 ಜನರಲ್ಲಿ ಹಿರಿಯರೊಬ್ಬರು ಒಪ್ಪಿರಲಿಲ್ಲ. ಕಾರ್ಯದರ್ಶಿ ಬರೆದಿದ್ದ 'ಒಪ್ಪದ ಸದಸ್ಯರು' ಕರಡಿನಲ್ಲಿ 'ಡಿಸಗ್ರೀಯಬಲ್ ಮೆಂಬರ್' ಆಗಿ ಕೂತಿತ್ತು.

'ಡಿಸಗ್ರೀ' ಎಂದರೆ ಒಪ್ಪದಿರುವುದು, ಸರಿ. ಆದರೆ ಬಾಲಕ್ಕೆ 'ಏಬಲ್' ಸೇರಿದೊಡನೆ ಅದು ಅಭಿಪ್ರಾಯ ಬಿಟ್ಟು ಸ್ವಭಾವ ಹೇಳುತ್ತದೆ: ಸಿಡುಕ, ಒರಟ. ಕೆಟ್ಟ ವಾಸನೆಗೂ ಅದೇ ಪದ. ಸಭೆಯಲ್ಲಿ ಎದ್ದು ನಿಂತು ಕಾರಣ ಕೊಟ್ಟವರನ್ನು ಕಾಗದದ ಮೇಲೆ ಹೀಗೆ ಕರೆಯುವುದು ಅನ್ಯಾಯ.

ಬೇಕಿದ್ದದ್ದು 'ಡಿಸೆಂಟಿಂಗ್'. ಲ್ಯಾಟಿನ್ನಿನಲ್ಲಿ 'ಡಿಸ್' ಅಂದರೆ ಬೇರೆಯಾಗಿ, 'ಸೆಂಟಿರೆ' ಅಂದರೆ ಅನ್ನಿಸುವುದು. ಸಾಮಾನ್ಯವಾಗಿ ನಾಮಪದಕ್ಕಿಂತ ಮೊದಲು ಬರುತ್ತದೆ: ಡಿಸೆಂಟಿಂಗ್ ವೋಟ್, ಡಿಸೆಂಟಿಂಗ್ ನೋಟ್. ಯಾವುದಕ್ಕೆ ಒಪ್ಪಲಿಲ್ಲ ಎನ್ನಬೇಕಾದರೆ ಜೊತೆಗೆ 'ಫ್ರಮ್' ಬೇಕು. ಕನ್ನಡದಲ್ಲಿ 'ಠರಾವಿಗೆ' ಎನ್ನುವ ರೂಢಿಯಿಂದ ಕೈ ತಾನಾಗಿ 'ಟು' ಬರೆದುಬಿಡುತ್ತದೆ. ಹೆಚ್ಚು ಎಡವುವುದು ಇಲ್ಲೇ. 2013ರ ಕಂಪನಿ ಕಾಯ್ದೆಯ 118ನೇ ಸೆಕ್ಷನ್, ಠರಾವು ಒಪ್ಪದ ನಿರ್ದೇಶಕರ ಹೆಸರು ನಡವಳಿಯಲ್ಲಿರಬೇಕು ಎನ್ನುವಾಗಲೂ 'ಡಿಸೆಂಟಿಂಗ್ ಫ್ರಮ್' ಎಂದೇ ಹೇಳುತ್ತದೆ.

ಕಾಗುಣಿತದಲ್ಲೂ ಎಚ್ಚರ ಬೇಕು. ಇಳಿಜಾರು, ವಂಶ ಎಂಬರ್ಥದ 'ಡಿಸೆಂಟ್' ಕಿವಿಗೆ ಇದರಂತೆಯೇ ಕೇಳುತ್ತದೆ; ಅದರಲ್ಲಿ 'ಎಸ್', 'ಸಿ', ಇದರಲ್ಲಿ ಎರಡು 'ಎಸ್'. ಎರಡೂ ಸರಿಯಾದ ಪದಗಳೇ ಆದ್ದರಿಂದ ಕಂಪ್ಯೂಟರ್ ಕೆಂಪು ಗೆರೆ ಎಳೆಯದೆ ಬಿಟ್ಟುಬಿಡಬಹುದು. 'ಡಿಸಿಡೆಂಟ್' ಬೇರೆಯೇ ಪದ, ಆಳುವವರ ಅಥವಾ ಪಕ್ಷದ ವಿರುದ್ಧ ನಿಂತವರಿಗೆ. ನಮ್ಮ ಪತ್ರಿಕೆಗಳ 'ಭಿನ್ನಮತೀಯರು' ಇದಕ್ಕೇ ಹೊಂದುತ್ತದೆ. ಕೈಯೆತ್ತದೆ ಸುಮ್ಮನೆ ಕೂತ ತಟಸ್ಥರಿಗಂತೂ ಡಿಸೆಂಟಿಂಗ್ ಸಲ್ಲದು. ಅವರದು 'ಅಬ್‌ಸ್ಟೇನ್'.

ಈ ಪದದ ತೂಕ ತಿಳಿಯಬೇಕಾದರೆ 1976ಕ್ಕೆ ಹೋಗಬೇಕು. ತುರ್ತು ಪರಿಸ್ಥಿತಿಯಲ್ಲಿ ಬಂಧಿತರು ತಮ್ಮ ಬಂಧನ ಪ್ರಶ್ನಿಸಿ ಕೋರ್ಟಿಗೆ ಬರುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಹೇಳಿದಾಗ, ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಅವರು ಬರೆದದ್ದು ಡಿಸೆಂಟಿಂಗ್ ಜಡ್ಜ್‌ಮೆಂಟ್. 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ, ಆ ನಾಲ್ವರ ತೀರ್ಪನ್ನು ಸುಪ್ರೀಂ ಕೋರ್ಟೇ ತಳ್ಳಿಹಾಕಿತು.

ಸಂಘದ ಪ್ರತಿಯಲ್ಲಿ ಕೊನೆಗೆ ಉಳಿದದ್ದು 'ಒನ್ ಮೆಂಬರ್ ಡಿಸೆಂಟಿಂಗ್'. ಅದರ ಕೆಳಗೆ ಆ ಹಿರಿಯರ ಕಾರಣವೂ ಪೂರ್ತಿ ಬಂತು: ಪಲ್ಪರಿಗೆ ಬೇಕಾದಷ್ಟು ನೀರು ಫೆಬ್ರವರಿಯಲ್ಲಿ ಹಳ್ಳದಲ್ಲಿ ಇರುವುದಿಲ್ಲ.